ಸ್ಟೆಪ್ನಿಯ ಕೆಳಗಿನ ಗೋಡು

ಮಂಗಳವಾರ ಮತ್ತು ಶುಕ್ರವಾರಗಳಂದು ಕೋಳಿ ಕೂಗುವ ಹೊತ್ತಿಗೆ ಎದ್ದು, ಕತ್ತಲಗೆರೆಯಲ್ಲಿ ದಾವಣಗೆರೆಯ ಬಸ್ಸನ್ನು ಹಿಡಿದು, ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ನಾಲ್ಕು ಗಂಟೆಗಳ ಕಾಲ ಮಲಗಿ, ತಲೆ ಸುತ್ತುತ್ತಿರುವಾಗಲೇ ಮತ್ತೆ ನಿಲ್ದಾಣಕ್ಕೆ ನಡೆದು, ಜಾಗ ಸಿಕ್ಕರೆ ಕುಳಿತೂ ಸಿಗದಿದ್ದರೆ ಕಂಬಿ ಹಿಡಿದು ನಿಂತೂ ಊರು ಸೇರುವ ಕ್ರಮವನ್ನು ನನ್ನ ತಮ್ಮನು ಒಂದು ವರ್ಷಕ್ಕೆ ಮೇಲ್ಪಟ್ಟು ತಾಳಿಕೊಂಡ ಬಳಿಕ, ಮನೆಯವರೆಲ್ಲ ಕೂಡಿ ಒಂದು ಹಳೆಯ ಕಾರನ್ನು ಕೊಳ್ಳುವುದೆಂದು ನಿಶ್ಚಯಿಸಿದೆವು. ಹೊಸ ಕಾರಿನ ಮಾತು ನಮ್ಮ ಅಳವಿನಲ್ಲಿರಲಿಲ್ಲ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತವನ್ನೂ ಒಂದು ಎಕರೆ ತೋಟದ ರಾಶಿ ಅಡಿಕೆಯನ್ನೂ ಮಾರಿ, ಔಷಧದ ವೆಚ್ಚವನ್ನು ಕಳೆದು ಉಳಿದದ್ದು ನಾಲ್ಕೂವರೆ ಲಕ್ಷ ರೂಪಾಯಿ. ಅದು ರೋಗಿಯೊಬ್ಬನ ನೆಮ್ಮದಿಗೆಂದು ಎತ್ತಿಟ್ಟ ಹಣವಾದುದರಿಂದ, ವ್ಯಯಮಾಡುವಾಗ ಎಚ್ಚರದಿಂದಿರಬೇಕೆಂಬ ಅರಿವು ನಮಗೆ ಮೊದಲಿನಿಂದಲೂ ಇತ್ತು. ಆ ಎಚ್ಚರವಿದ್ದೂ ನಾವು ಹೇಗೆ ಸಿಕ್ಕಿಬಿದ್ದೆವೆಂಬುದನ್ನು ಸವಿಸ್ತಾರವಾಗಿ ಹೇಳಿದರೆ, ಚನ್ನಗಿರಿ ಹೊನ್ನಾಳಿಗಳ ಸೀಮೆಯಲ್ಲಿ ಈ ಸುಗ್ಗಿಯ ಹಣವನ್ನು ಹಿಡಿದು ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿರುವ ಕೆಲವರಿಗಾದರೂ ಉಪಯೋಗವಾದೀತು.

ತಮ್ಮನ ಮಗನು ಮೊಬೈಲಿನಲ್ಲಿ ಕಂಡ ಜಾಹೀರಾತು ಹೀಗಿತ್ತು: 2017ರ ಮಾಡೆಲ್, ಪೆಟ್ರೋಲ್ ಗಾಡಿ, ಸಿಂಗಲ್ ಓನರ್, ಬೆಲೆ 3,95,000 ರೂಪಾಯಿ. ಅದನ್ನು ನಂಬಿ ನಾವಿಬ್ಬರೂ ಹೆದ್ದಾರಿಯ ಬದಿಯ ಒಂದು ಮಳಿಗೆಗೆ ಹೋದೆವು. ಮಳಿಗೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ತಕರಾರು ಒಂದು ಅಂಗಡಿಯೊಡನೆ ಮುಗಿಯುವಂಥದಲ್ಲ. ಎದುರಿಗೆ ಬಂದ ಯುವಕನು ವಿನಯದಿಂದ ಕುರ್ಚಿ ಎಳೆದು ಕೊಟ್ಟು, ಕುಡಿಯಲು ನೀರು ತರಿಸಿ, ನಾವು ಕೇಳಿದ ಗಾಡಿಯ ವಿಷಯಕ್ಕೆ, "ಅದು ನಿನ್ನೆ ರಾತ್ರೀನೇ ಡೆಲಿವರಿ ಆಯ್ತು ಸಾರ್. ಅದಕ್ಕಿಂತ ಚಲೋ ಗಾಡಿ ಐತೆ, ಬರ್ರಿ ತೋರಿಸ್ತೀನಿ" ಎಂದನು. ತೋರಿಸಿದ್ದು ಅದೇ ಕಂಪನಿಯ, ಅದೇ ವರ್ಷದ, ಬೆಂಗಳೂರಿನ ನೋಂದಣಿಯುಳ್ಳ ಬಿಳಿಯ ಕಾರು. ಗಾಜಿನ ಮೇಲೆ ಬರೆದ ಬೆಲೆ 4,60,000. ಮೀಟರಿನಲ್ಲಿ 46,000 ಕಿಲೋಮೀಟರು. "ಡಾಕ್ಟ್ರು ಓಡಿಸಿದ ಗಾಡಿ ಸಾರ್. ಮನೆ, ಕ್ಲಿನಿಕ್ ಬಿಟ್ರೆ ಎಲ್ಲೂ ಹೋಗಿಲ್ಲ" ಎಂಬುದು ಅದರ ಚರಿತ್ರೆ. ಮುಂದೆ ಬೇರೆ ಮೂರು ಮಳಿಗೆಗಳಲ್ಲಿಯೂ ಡಾಕ್ಟರರೇ ಓಡಿಸಿದ ಗಾಡಿಗಳನ್ನು ನಮಗೆ ತೋರಿಸಿದರು.

ಓಡಿಸಿ ನೋಡಬೇಕೆಂದು ಕೇಳಿದಾಗ, ಪೆಟ್ರೋಲು ಕಡಿಮೆಯಿದೆಯೆಂದು ಹೇಳಿ, ಅಂಗಡಿಯ ಹಿಂದಿನ ಬಯಲಿನಲ್ಲಿ ಒಂದು ಸುತ್ತು ಮಾತ್ರ ತಿರುಗಿಸಲು ಬಿಟ್ಟರು. ಬೆಲೆಯ ಮಾತು ಎತ್ತಿದಾಗಲೆಲ್ಲ ಆ ಯುವಕನು, "ಒಳಗೆ ಸಾಹೇಬ್ರನ್ನ ಕೇಳ್ಕೊಂಡು ಬರ್ತೀನಿ" ಎಂದು ಎದ್ದು ಹೋಗುವನು. ಕಾಲು ಗಂಟೆಯ ಮೇಲೆ ಹಿಂದಿರುಗಿ, ನಮ್ಮಲ್ಲಿರುವ ಹಣವೆಷ್ಟು, ಲೋನ್ ಬೇಕೆ, ಕಂತು ಎಷ್ಟು ಕಟ್ಟಬಲ್ಲಿರಿ ಎಂದು ಕೇಳುವನು. ನಮ್ಮ ಪ್ರಶ್ನೆಗೆ ಉತ್ತರ ಬಾರದೆ ನಮ್ಮ ಮನೆಯ ಲೆಕ್ಕವೆಲ್ಲ ಅವರ ಕಾಗದದ ಮೇಲೆ ಇಳಿಯುತ್ತಾ ಹೋಯಿತು. ಹೀಗೆ ಹನ್ನೊಂದು ಗಂಟೆಗೆ ಹೋದವರಿಗೆ ಮೂರು ಗಂಟೆಯ ವೇಳೆಗೆ ಸಿಕ್ಕಿದ ಬೆಲೆ 4,40,000 ರೂಪಾಯಿ. ಅದರ ಕೆಳಗೆ ಆರ್‌ಸಿ ಟ್ರಾನ್ಸ್‌ಫರ್ ಚಾರ್ಜು, ಫೈಲ್ ಚಾರ್ಜು, ಜಿಎಸ್‌ಟಿ ಎಂದು ಇನ್ನೊಂದು ಮೂವತ್ತೆಂಟು ಸಾವಿರ. ಹಸಿವೂ ಆಯಾಸವೂ ಮನಸ್ಸನ್ನು ಮಂಕುಮಾಡಿದ್ದ ಆ ವೇಳೆಯಲ್ಲಿ, ಸಂಜೆಗೆ ಹರಿಹರದ ಪಾರ್ಟಿಯೊಂದು ಇದೇ ಗಾಡಿಗೆ ಬರುತ್ತಿದೆಯೆಂದೂ, ಹತ್ತು ಸಾವಿರ ಟೋಕನ್ ಕೊಟ್ಟರೆ ನಮ್ಮ ಹೆಸರಿಗೆ ಹಿಡಿದಿಡುವುದಾಗಿಯೂ ಆತ ಹೇಳಿದಾಗ, ನಾನೇ ಜೇಬಿನಿಂದ ತೆಗೆದು ಕೊಟ್ಟೆನು. ಆ ಯುವಕನ ಮೇಲೆ ನನಗೆ ಕೋಪವಿಲ್ಲ. ತಿಂಗಳಿಗೆ ಇಷ್ಟು ಗಾಡಿಯೆಂದು ಲೆಕ್ಕ ಒಪ್ಪಿಸಿ ಕಮಿಷನ್ ಪಡೆಯುವ ಅವನ ಬಾಳು ಇಂಥ ಮಾತುಗಳ ಮೇಲೆಯೇ ನಿಂತಿದೆ.

ಜಿಎಸ್‌ಟಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯು ಮಾಡಿದ ತೀರ್ಮಾನದಂತೆ, ನೋಂದಾಯಿತ ವ್ಯಾಪಾರಿಯು ಮಾರುವ ಹಳೆಯ ವಾಹನಗಳ ಮೇಲಿನ ತೆರಿಗೆ ಶೇಕಡಾ 18; ಆದರೆ ಅದನ್ನು ವಿಧಿಸುವುದು ಆತನು ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಣ ಅಂತರದ ಮೇಲೆಯೇ ಹೊರತು ಕಾರಿನ ಪೂರ್ಣ ಬೆಲೆಯ ಮೇಲಲ್ಲ. ನಾಲ್ಕು ಲಕ್ಷಕ್ಕೆ ಕೊಂಡ ಗಾಡಿಯನ್ನು 4,40,000ಕ್ಕೆ ಮಾರಿದನೆಂದರೆ, ನಲವತ್ತು ಸಾವಿರಕ್ಕೆ ಸ್ಥೂಲವಾಗಿ 7,200 ರೂಪಾಯಿ. ಚೀಟಿಯಲ್ಲಿ ಜಿಎಸ್‌ಟಿ ಎಂಬ ಸಾಲನ್ನು ಕಂಡವರು, ಅದು ಯಾವ ಮೊತ್ತದ ಮೇಲೆ ಹಾಕಿದ್ದೆಂದು ಕೇಳಬೇಕು. ನಾವು ಕೇಳಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ, ನಮ್ಮ ತಂದೆಯವರು ಎತ್ತು ಕೊಳ್ಳುತ್ತಿದ್ದ ರೀತಿ ನೆನಪಾಯಿತು. ದನದ ಸಂತೆಯಲ್ಲಿ ಒಂದು ಜೋಡಿ ಎತ್ತು ಕಣ್ಣಿಗೆ ಹಿಡಿಸಿತೆಂದರೆ ಮೊದಲು ಮಾಡುತ್ತಿದ್ದ ಕೆಲಸ ಬಾಯಿ ಬಿಡಿಸುವುದು. ಎರಡು ಹಲ್ಲೋ, ನಾಲ್ಕು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದ್ದೋ ಎಂಬುದನ್ನು ಎತ್ತೇ ಹೇಳುತ್ತಿತ್ತು. ಅದಕ್ಕೆ ಮಾರುವವನ ಸಾಕ್ಷ್ಯ ಬೇಕಾಗಿರಲಿಲ್ಲ. ಬಳಿಕ ಹೆಗಲನ್ನು ತಡವಿ ನೊಗದ ಗಾಯವುಂಟೋ ಎಂದು ನೋಡುವುದು, ಗೊರಸನ್ನು ಎತ್ತಿಸುವುದು, ಸುಳಿ ನೋಡುವುದು, ಹತ್ತು ಹೆಜ್ಜೆ ಮುಂದೆ ನಡೆಸಿ ಹತ್ತು ಹೆಜ್ಜೆ ಹಿಂದೆ ನಡೆಸುವುದು, ಕಡೆಗೆ ಭಾರದ ಗಾಡಿಗೆ ಹೂಡಿ ಏರು ಹತ್ತಿಸುವುದು. ಇದಿಷ್ಟೂ ಆದ ಮೇಲೆ ದಲ್ಲಾಳಿಯು ಬಂದು, ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹೊದಿಸಿ, ಬೆರಳುಗಳನ್ನು ಹಿಡಿದು ಬೆಲೆ ಕುದುರಿಸುತ್ತಿದ್ದನು. ಅಲ್ಲಿ ಬೆಲೆ ಬಟ್ಟೆಯ ಕೆಳಗಿತ್ತು, ಎತ್ತು ಬಯಲಿನಲ್ಲಿತ್ತು. ಈ ಮಳಿಗೆಯಲ್ಲಿ ಬೆಲೆಯನ್ನು ಗಾಜಿನ ಮೇಲೆ ಗೇಣುದ್ದದ ಅಂಕಿಗಳಲ್ಲಿ ಬರೆದು ವಸ್ತುವನ್ನು ಬಟ್ಟೆಯ ಕೆಳಗಿರಿಸಿದ್ದರು. ದನದ ಸಂತೆಯಲ್ಲಿ ಮೋಸವಿರಲಿಲ್ಲವೆಂದು ನಾನು ಹೇಳಲಾರೆ; ಕೊಂಬು ಹೆರೆದು ಎಣ್ಣೆ ಹಚ್ಚಿ ಮುದಿ ಎತ್ತನ್ನು ಎಳೆಯದೆನ್ನಿಸುವವರು ಅಂದೂ ಇದ್ದರು. ಆದರೆ ಬಾಯಿ ಬಿಡಿಸಗೊಡದವನ ಎತ್ತನ್ನು ಯಾರೂ ಕೊಳ್ಳುತ್ತಿರಲಿಲ್ಲ. ವಸ್ತುವಿನ ಪೂರ್ವೋತ್ತರವನ್ನು ಬಲ್ಲವನು ಮಾರುವವನಾದುದರಿಂದ ಅದನ್ನು ತೋರಿಸುವ ಹೊಣೆಯೂ ಅವನದೇ ಎಂಬ ಆ ನ್ಯಾಯವನ್ನು, ಒಂದು ಜೋಡಿ ಎತ್ತಿನ ಎಷ್ಟೋ ಪಾಲು ಬೆಲೆಯುಳ್ಳ ಯಂತ್ರದ ವ್ಯಾಪಾರಕ್ಕೆ ಬಂದಾಗ ನಾವು ಏಕೆ ಕೈಬಿಟ್ಟೆವು?

ಮೂರನೆಯ ದಿನ ಗ್ಯಾರೇಜಿನ ಮೇಸ್ತ್ರಿಯನ್ನು ಜೊತೆಯಲ್ಲಿ ಕರೆದುಕೊಂಡು ಹೋದೆವು. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವದು. ಆತನು ಗಾಡಿಯ ಬಳಿಗೆ ಹೋದವನೇ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, "ಬಿಸಿ ಐತಲ್ಲ, ಈಗ್ಲೇ ಯಾಕೆ ಸ್ಟಾರ್ಟ್ ಮಾಡಿದ್ರಿ?" ಎಂದು ಕೇಳಿದನು. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ನು ಬೆಳಿಗ್ಗೆ ಮೊದಲ ಸಲ ಎದ್ದೇಳುವಾಗ ಹೊರಡಿಸುವ ಸದ್ದಿನಲ್ಲಿಯೂ ಬಿಡುವ ಹೊಗೆಯ ಬಣ್ಣದಲ್ಲಿಯೂ ಅದರ ಆರೋಗ್ಯ ತಿಳಿಯುತ್ತದೆಂದೂ, ಗಿರಾಕಿ ಬರುವ ಮೊದಲೇ ಅದನ್ನು ಬಿಸಿಮಾಡಿಟ್ಟರೆ ಆ ಸಾಕ್ಷ್ಯ ಅಳಿಸಿಹೋಗುತ್ತದೆಂದೂ ಆತ ನನಗೆ ವಿವರಿಸಿದನು. ಅನಂತರ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ತೋರಿಸಿದನು. ಪ್ರತಿಯೊಂದು ಟೈರಿನ ಮೇಲೂ ಅದು ತಯಾರಾದ ವಾರವನ್ನೂ ವರ್ಷವನ್ನೂ ಅಚ್ಚೊತ್ತಿರುತ್ತಾರೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. ಮಾರುವವನು ಬದಲಾಯಿಸಿಯೇ ಇಲ್ಲವೆಂದ ನಾಲ್ಕು ಟೈರುಗಳೂ 2023ರಲ್ಲಿ ತಯಾರಾದವು. ಡಿಕ್ಕಿಯೊಳಗಿನ ಸ್ಟೆಪ್ನಿ ಮಾತ್ರ 2017ರದು. ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಪೂರ್ತಿಯಾಗಿ ಸವೆದಿದ್ದವು, ಸ್ಟೀರಿಂಗ್ ಚಕ್ರವು ಕೈಯ ಉಜ್ಜುವಿಕೆಯಿಂದ ನಯವಾಗಿ ಹೊಳೆಯುತ್ತಿತ್ತು, ಡ್ರೈವರನ ಸೀಟಿನ ಬಲಪಾರ್ಶ್ವ ಕುಸಿದಿತ್ತು. ನಲವತ್ತಾರು ಸಾವಿರ ಕಿಲೋಮೀಟರು ಓಡಿದ ಗಾಡಿಯಲ್ಲಿ ಇವೆಲ್ಲ ಇರತಕ್ಕದ್ದಲ್ಲ. ಮೀಟರಿನ ಅಂಕಿ ತಿದ್ದಿದ್ದೆಂದು ಆತನು ಬಾಯಿಬಿಟ್ಟು ಹೇಳಲಿಲ್ಲ. ಸೀಟಿನ ಮೇಲೆ ಕೈಯಾಡಿಸಿ ನನ್ನ ಮುಖ ನೋಡಿದನು.

ಇಷ್ಟರಲ್ಲಿ ನಮ್ಮ ಹುಡುಗನು ಡಿಕ್ಕಿಯ ಕಾರ್ಪೆಟ್ಟನ್ನು ಸರಿಸಿ ಸ್ಟೆಪ್ನಿಯನ್ನು ಮೇಲೆತ್ತಿದ್ದನು. ಅದರ ಕೆಳಗಿನ ತಗಡಿನ ಗುಂಡಿಯಲ್ಲಿ ಬೆರಳಾಡಿಸಿ, ಬೆರಳಿಗೆ ಹತ್ತಿದ್ದನ್ನು ಹೆಬ್ಬೆರಳಿನಿಂದ ತಿಕ್ಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪ, ಇದು ಧೂಳಲ್ಲ. ಗೋಡು" ಎಂದನು.

ನಾಲೆಯ ನೀರಿನ ಸೀಮೆಯಲ್ಲಿ ಹುಟ್ಟಿದವರಿಗೆ ಗೋಡನ್ನು ಯಾರೂ ಪರಿಚಯಿಸಬೇಕಾದುದಿಲ್ಲ. ಗಾಳಿಯಲ್ಲಿ ಬಂದ ಧೂಳು ಮೂಲೆಗಳಲ್ಲಿ ಸಡಿಲವಾಗಿ ಕೂಡುತ್ತದೆ, ಊದಿದರೆ ಹಾರುತ್ತದೆ. ನಿಂತ ನೀರಿನಿಂದ ಇಳಿದ ಮಣ್ಣು ಹಾಗಲ್ಲ. ತೀರ ನುಣ್ಣಗಿನ ಕಣಗಳು ಒಂದರ ಮೇಲೊಂದು ಪದರವಾಗಿ ಕುಳಿತು, ನೀರು ಆರಿದ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಾಗಿ ಬಿರುಕು ಬಿಡುತ್ತವೆ. ಬೇಸಗೆಯಲ್ಲಿ ಸೂಳೆಕೆರೆಯ ನೀರು ಹಿಂದೆ ಸರಿದಾಗ ಅಂಚಿನಲ್ಲಿ ಕಾಣುವ ನೆಲವೇ ಅಂಗೈಯಗಲದಲ್ಲಿ ಆ ಕಾರಿನ ಹೊಟ್ಟೆಯೊಳಗೆ ಇತ್ತು. ಮೇಸ್ತ್ರಿಯು ಮುಂದಿನ ಸೀಟನ್ನು ಹಿಂದಕ್ಕೆ ಜರುಗಿಸಿ ಕೆಳಗಿನ ಹಳಿಗಳಲ್ಲಿ ತುಕ್ಕನ್ನೂ, ಸೀಟ್ ಬೆಲ್ಟನ್ನು ಪೂರ್ತಿಯಾಗಿ ಎಳೆದು ಅದರ ಬುಡದಲ್ಲಿ ನೀರಿನ ಕಲೆಯ ಗೆರೆಯನ್ನೂ ತೋರಿಸಿದನು. ಸೀಟುಗಳಿಗೆ ಹೊಸ ಕವರು ಹಾಕಿದ್ದರು, ಒಳಗೆಲ್ಲ ಸುಗಂಧ ಸಿಂಪಡಿಸಿದ್ದರು, ಹೊರಗೆ ಪಾಲಿಷು ಥಳಥಳಿಸುತ್ತಿತ್ತು. ಸ್ಟೆಪ್ನಿಯನ್ನು ಎತ್ತಿ ಒರೆಸುವುದು ಮಾತ್ರ ಯಾರಿಗೂ ತೋಚಿರಲಿಲ್ಲ. "ವಾಟರ್ ವಾಶ್ ಮಾಡುವಾಗ ಹೋಗಿರುತ್ತೆ ಸಾರ್" ಎಂದನು ಯುವಕ. ಭತ್ತದ ಗದ್ದೆಯಲ್ಲಿ ಮೊಳಕಾಲುದ್ದ ಕೆಸರಿನಲ್ಲಿ ನಾಟಿ ಮಾಡಿಸುವ ನಮ್ಮ ಹುಡುಗನು ಆ ಮಾತಿಗೆ ಉತ್ತರ ಕೊಡಲಿಲ್ಲ.

ನೀರಿನಲ್ಲಿ ಮುಳುಗಿದ ಕಾರು ಒಣಗಿದ ಮೇಲೆ ಓಡುತ್ತದೆ, ಅಪಾಯವಿರುವುದು ಅಲ್ಲಿಯೇ. ಈಚಿನ ಕಾರುಗಳಲ್ಲಿ ಎಂಜಿನ್ನು, ಬ್ರೇಕು, ಅಪಘಾತದಲ್ಲಿ ಪ್ರಾಣ ಉಳಿಸುವ ಗಾಳಿಚೀಲ ಇವೆಲ್ಲವನ್ನೂ ನಡೆಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಅವುಗಳ ನಡುವೆ ನರಗಳಂತೆ ಹಬ್ಬಿದ ತಂತಿಗಳ ಕೀಲುಗಳಲ್ಲಿ ಹೊಕ್ಕ ತೇವವು ತಿಂಗಳುಗಟ್ಟಲೆ ಸದ್ದಿಲ್ಲದೆ ಲೋಹವನ್ನು ತಿನ್ನುತ್ತಾ ಬಂದು, ಯಾವುದೋ ಒಂದು ದಿನ ಯಾವುದೋ ಒಂದು ಕಡೆ ಸಂಪರ್ಕವನ್ನು ಕಡಿಯುತ್ತದೆ. ಡಯಾಲಿಸಿಸ್ ಮುಗಿಸಿ ಹಿಂದಿನ ಸೀಟಿನಲ್ಲಿ ಒರಗಿರುವ ಮನುಷ್ಯನನ್ನು ಹೊತ್ತ ಗಾಡಿ ಅಂಥ ದಿನ ದಾರಿಯ ನಡುವೆ ನಿಂತರೆ ಏನು ಗತಿಯೆಂಬ ಯೋಚನೆ ನನ್ನನ್ನು ಅಂದು ನಡುಗಿಸಿತು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿಯೂ ಕಾರುಗಳು ಕಿಟಕಿಯವರೆಗೆ ನೀರಿನಲ್ಲಿ ನಿಂತ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಕಂಡಿದ್ದೇವೆ. ಆ ಕಾರುಗಳು ಆಮೇಲೆ ಎಲ್ಲಿಗೆ ಹೋದವೆಂದು ಕೇಳಿದವರು ವಿರಳ. ದುರಸ್ತಿಯ ವೆಚ್ಚವು ವಿಮೆ ಮಾಡಿದ ಮೌಲ್ಯದ ಮುಕ್ಕಾಲು ಪಾಲನ್ನು ಮೀರಿದರೆ ವಿಮಾ ಕಂಪನಿಯು ಅದನ್ನು ಟೋಟಲ್ ಲಾಸ್ ಎಂದು ಎಣಿಸಿ ಮಾಲೀಕನಿಗೆ ಹಣ ಕೊಡುತ್ತದೆ. ಕೆಟ್ಟ ಗಾಡಿ ಹರಾಜಿಗೆ ಬರುತ್ತದೆ. ಅದನ್ನು ಅಗ್ಗಕ್ಕೆ ಹಿಡಿದವನು ತೊಳೆದು, ಒಣಗಿಸಿ, ಅದೇ ಆರ್‌ಸಿಯೊಡನೆ ಮತ್ತೆ ರಸ್ತೆಗೆ ತರುವುದುಂಟು. ಆರ್‌ಸಿಯಲ್ಲಿ ಬಣ್ಣ ಇರುತ್ತದೆ, ಚಾಸಿ ನಂಬರು ಇರುತ್ತದೆ. ಗಾಡಿಯು ನೀರಿನಲ್ಲಿ ಮುಳುಗಿತ್ತೆಂಬ ಒಂದಕ್ಷರ ಇರುವುದಿಲ್ಲ. ನಾವು ಕಂಡ ಕಾರು ಯಾವ ನೀರಿನಲ್ಲಿ ನಿಂತಿತ್ತೆಂದು ನಾನು ಹೇಳಲಾರೆ. ನಿಂತಿತ್ತೆಂಬುದನ್ನು ಮಾತ್ರ ಆ ಗೋಡು ಹೇಳುತ್ತಿತ್ತು.

ಈ ವ್ಯಾಪಾರದ ರೋಗವನ್ನು ಶಾಸ್ತ್ರೀಯವಾಗಿ ನಿದಾನಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1970ರಲ್ಲಿ ಅವರು ಪ್ರಕಟಿಸಿದ ಒಂದು ಚಿಕ್ಕ ಪ್ರಬಂಧದ ವಿಷಯ ಹಳೆಯ ಕಾರುಗಳ ಮಾರುಕಟ್ಟೆಯೇ. ಒಳಗೆ ಕೆಟ್ಟು ಹೊರಗೆ ಚೆಂದವಾಗಿರುವ ಕಾರನ್ನು ಆ ದೇಶದ ಆಡುಮಾತಿನಲ್ಲಿ ನಿಂಬೆಹಣ್ಣೆನ್ನುತ್ತಾರೆ. ಯಾವುದು ಒಳ್ಳೆಯದು ಯಾವುದು ನಿಂಬೆಯೆಂದು ಕೊಳ್ಳುವವನಿಗೆ ತಿಳಿಯದಾದಾಗ, ಅವನು ಎರಡಕ್ಕೂ ನಡುವಣ ಒಂದು ಬೆಲೆಯನ್ನು ಮಾತ್ರ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ತನ್ನ ಒಳ್ಳೆಯ ಗಾಡಿಯನ್ನು ಕೊಡಲೊಲ್ಲದ ಪ್ರಾಮಾಣಿಕ ಮಾಲೀಕನು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಒಳ್ಳೆಯವು ಸರಿದಂತೆ ಉಳಿದವುಗಳ ಗುಣ ಇನ್ನಷ್ಟು ಇಳಿಯುತ್ತದೆ, ಅದನ್ನರಿತ ಕೊಳ್ಳುವವನು ಬೆಲೆಯನ್ನು ಇನ್ನಷ್ಟು ತಗ್ಗಿಸುತ್ತಾನೆ. ಹೀಗೆ ಮೋಸವು ತಾನು ತಗುಲಿದವನನ್ನು ಕೆಡಿಸುವುದಲ್ಲದೆ ಸಾಚಾ ಮನುಷ್ಯನನ್ನು ಸಂತೆಯಿಂದಲೇ ಓಡಿಸುತ್ತದೆ. ಮೂರು ಪತ್ರಿಕೆಗಳು ಹಿಂದಿರುಗಿಸಿದ್ದ ಆ ಪ್ರಬಂಧದ ವಿಚಾರಕ್ಕಾಗಿ 2001ರಲ್ಲಿ ಅವರಿಗೆ, ಇನ್ನಿಬ್ಬರೊಡನೆ, ನೊಬೆಲ್ ಪಾರಿತೋಷಕ ಬಂದಿತು. ನಮಗೆ ಸಮೀಪವಾದ ಸಂಗತಿಯೊಂದು ಇದರಲ್ಲಿದೆ. ಅಕರ್ಲಾಫರು 1967–68ರಲ್ಲಿ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದರು; ಬಜಾರಿನ ಅಕ್ಕಿಗೆ ಅದೇ ಬಣ್ಣದ, ಅದೇ ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿರುತ್ತಾರೆಂದೂ, ಈ ದೇಶದ ಗೃಹಿಣಿಯರು ಅವುಗಳನ್ನು ಆರಿಸಬೇಕಾಗುತ್ತದೆಂದೂ ಪ್ರಬಂಧದಲ್ಲಿ ಉದಾಹರಿಸಿದ್ದಾರೆ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಕಲ್ಲು ಆರಿಸುತ್ತಿದ್ದ ನಮ್ಮ ತಾಯಿಯವರಿಗೆ ಮಾರುವವನ ಅಪ್ರಾಮಾಣಿಕತೆಯ ವೆಚ್ಚವನ್ನು ಕೊಳ್ಳುವವರ ಮನೆಯ ಹೆಂಗಸರು ತೆರುತ್ತಾರೆಂಬುದು ಯಾವ ಪ್ರಬಂಧವೂ ಇಲ್ಲದೆ ತಿಳಿದಿತ್ತು.

ಅಡಿಕೆಯ ಮಾತನ್ನೂ ಇಲ್ಲಿ ಸೇರಿಸಬೇಕು. ನಮ್ಮ ಮಾರುಕಟ್ಟೆಗಳಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಗೆ ಜಾತಿಗಳಿವೆ. ಖರೀದಿದಾರನು ಚೀಲಕ್ಕೆ ಕೈಹಾಕಿ, ಬೊಗಸೆ ತುಂಬ ತೆಗೆದು, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣವನ್ನು ನೋಡಿದ ಮೇಲೆಯೇ ದರ ಬರೆಯುತ್ತಾನೆ. ಅದು ಸರಿಯೇ. ಆದರೆ ಹಾಗೆ ತನ್ನ ವರ್ಷದ ದುಡಿಮೆಯನ್ನು ಕತ್ತರಿಸಿ ತೋರಿಸಿ ಹಣ ಪಡೆದ ರೈತನು, ಅದೇ ಹಣವನ್ನು ಹಿಡಿದು ಕಾರಿನ ಮಳಿಗೆಗೆ ಹೋದಾಗ, ಸ್ಟೆಪ್ನಿಯನ್ನು ಎತ್ತಿ ನೋಡುವುದಕ್ಕೂ ಸಂಕೋಚಪಡುತ್ತಾನೆ.

ಇನ್ನು ಕಾಗದಗಳು. ಕಾರಿನ ನಂಬರನ್ನು ಸರ್ಕಾರದ ಎಂ–ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಅದರ ನೋಂದಣಿಯ ದಿನ, ಈಗಿನವನು ಎಷ್ಟನೆಯ ಮಾಲೀಕ, ವಿಮೆ ಎಂದಿನವರೆಗೆ, ಗಾಡಿಯ ಮೇಲೆ ಸಾಲವುಂಟೋ ಎಂಬ ಸಂಗತಿಗಳು ಕಾಣುತ್ತವೆ. ಮೇಸ್ತ್ರಿಯು ಅಲ್ಲಿಯೇ ನಿಂತು ಅದನ್ನು ನೋಡಿದನು. ಸಿಂಗಲ್ ಓನರ್ ಎಂದ ಗಾಡಿಗೆ ಮೂರನೆಯ ಮಾಲೀಕ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇತ್ತು. ಅಂದರೆ ಬ್ಯಾಂಕಿನವರು ಎನ್‌ಒಸಿ ಕೊಟ್ಟು, ಫಾರ್ಮ್ 35ರ ಮೂಲಕ ಆರ್‌ಟಿಒ ಕಛೇರಿಯಲ್ಲಿ ಎಚ್‌ಪಿ ಎನ್ನುವ ಆ ಸಾಲದ ನಮೂದನ್ನು ತೆಗೆಸುವವರೆಗೆ ಗಾಡಿಯನ್ನು ನಮ್ಮ ಹೆಸರಿಗೆ ಮಾಡಿಸುವಂತಿರಲಿಲ್ಲ. ನಾವು ಬೆಲೆಯನ್ನು ಪೂರ್ತಿ ಕೊಟ್ಟು, ಮತ್ತೊಬ್ಬನ ಸಾಲದ ಕಾರನ್ನು ಮನೆಯ ಮುಂದೆ ನಿಲ್ಲಿಸಿಕೊಂಡಿರುತ್ತಿದ್ದೆವು.

ಹೆಸರು ಬದಲಾಯಿಸುವ ಕೆಲಸವನ್ನು ನಮ್ಮ ಜನ ನಿಧಾನಕ್ಕೆ ಆಗುವ ಔಪಚಾರಿಕತೆಯೆಂದು ಭಾವಿಸುತ್ತಾರೆ. ಇದು ಘೋರವಾದ ತಪ್ಪು. 1988ರ ಮೋಟಾರು ವಾಹನಗಳ ಕಾಯಿದೆಯ 50ನೆಯ ಪ್ರಕರಣದಂತೆ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸತಕ್ಕದ್ದು. ಫಾರ್ಮ್ 29, ಫಾರ್ಮ್ 30 ಎಂದು ಎಲ್ಲರೂ ಹೇಳುವುದು ಇವಕ್ಕೇ. ಹಾಗೆ ಮಾಡದೆ ಗಾಡಿಯು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿ, ಕಡೆಯವನ ಕೈಯಲ್ಲಿ ಅಪಘಾತವಾದ ಒಂದು ಮೊಕದ್ದಮೆಯಲ್ಲಿ, ಪರಿಹಾರವನ್ನು ಕೊಡಬೇಕಾದವನು ದಾಖಲೆಯಲ್ಲಿ ಹೆಸರು ಉಳಿದಿರುವ ಹಳೆಯ ಮಾಲೀಕನೇ ಎಂದು 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಎಂದೋ ಮಾರಿ ಮರೆತ ಗಾಡಿಯ ಅಪಘಾತಕ್ಕೆ, ಚಕ್ರವನ್ನೇ ಮುಟ್ಟದವನು ಹೊಲ ಮಾರಬೇಕಾಗಿ ಬರಬಹುದು. ಮಾರಿದವನ ಸಹಿಯುಳ್ಳ ಖಾಲಿ ಫಾರ್ಮುಗಳನ್ನು ಡ್ರಾಯರಿನಲ್ಲಿಟ್ಟುಕೊಂಡು, ಗಿರಾಕಿ ಸಿಕ್ಕಿದ ದಿನ ತಾರೀಖು ಬರೆಯುವ ಪದ್ಧತಿ ಎಷ್ಟೋ ಮಳಿಗೆಗಳಲ್ಲಿ ಬಹುಕಾಲ ನಡೆದು ಬಂದಿದೆ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿಗೊಳಿಸಿತು. ಹಳೆಯ ವಾಹನಗಳ ವ್ಯಾಪಾರಿಯು ಆರ್‌ಟಿಒ ಅಧಿಕಾರಿಯಿಂದ ಅಧಿಕಾರಪತ್ರ ಪಡೆದಿರಬೇಕು. ಮಾಲೀಕನು ಗಾಡಿಯನ್ನು ಅವನಿಗೆ ಒಪ್ಪಿಸಿದ ಸಂಗತಿಯನ್ನು ಫಾರ್ಮ್ 29ಸಿ ಮೂಲಕ ತಿಳಿಸಬೇಕು. ಅಲ್ಲಿಂದ ಮುಂದೆ ಆ ಗಾಡಿಯ ಹೊಣೆಗಾರ ಮಾಲೀಕನು ವ್ಯಾಪಾರಿಯೇ. ಅದು ಟೆಸ್ಟ್ ಡ್ರೈವಿಗೋ ದುರಸ್ತಿಗೋ ಹೊರಗೆ ಹೋದರೆ ಉದ್ದೇಶ, ಓಡಿಸಿದವನು, ಕಾಲ, ಕಿಲೋಮೀಟರು ಇವೆಲ್ಲ ಎಲೆಕ್ಟ್ರಾನಿಕ್ ಪುಸ್ತಕದಲ್ಲಿ ದಾಖಲಾಗಬೇಕು. ಒಳ್ಳೆಯ ನಿಯಮವಿದು. ಅಂಗಡಿಯಲ್ಲಿ ಆ ಅಧಿಕಾರಪತ್ರವನ್ನು ತೋರಿಸೆಂದು ನಾನು ಕೇಳಿದಾಗ ಯುವಕನು ಒಳಗೆ ಹೋಗಿ ಬಂದು, "ಅದೆಲ್ಲ ಬೆಂಗಳೂರು ಕಡೆ ಸಾರ್" ಎಂದನು.

ಈ ನಿಯಮವು ಕಾರಿನ ಒಡೆತನವನ್ನು ಬೆಳಕಿಗೆ ತಂದಿದೆ, ಕಾರಿನ ದೇಹಸ್ಥಿತಿಯನ್ನು ತಂದಿಲ್ಲವೆಂಬುದು ನನ್ನ ದೂರು. ಅಮೆರಿಕದಲ್ಲಿ 1972ರಲ್ಲಿಯೇ ಮೀಟರು ತಿದ್ದುವುದನ್ನು ನಿಷೇಧಿಸುವ ಕಾನೂನು ಬಂದಿತು. ಅಲ್ಲಿ ವ್ಯಾಪಾರಿಯು ಮಾರುವ ಹಳೆಯ ಕಾರಿನ ಕಿಟಕಿಗೆ, ಅದಕ್ಕೆ ವಾರಂಟಿ ಉಂಟೋ ಇಲ್ಲವೋ, ಇದ್ದರೆ ಎಷ್ಟರ ಮಟ್ಟಿಗೆ ಎಂಬುದನ್ನು ಬರೆದ ಹಾಳೆಯನ್ನು ಅಂಟಿಸಲೇಬೇಕು. ಇಲ್ಲಿ ಹಾಗೊಂದು ಹಾಳೆ ಏಕಾಗಬಾರದು? ಗಾಡಿಗೆ ನೆರೆಯಿಂದಾದ ಹಾನಿಗೆ, ದೊಡ್ಡ ಅಪಘಾತಕ್ಕೆ ವಿಮೆಯ ಹಣ ಸಂದಿದ್ದರೆ ಆ ಸಂಗತಿ ವಿಮಾ ಕಂಪನಿಯ ದಫ್ತರಿನಲ್ಲಿರುತ್ತದೆ. ಸರ್ವಿಸಿಗೆ ಹೋದಾಗಲೆಲ್ಲ ಮೀಟರಿನ ಅಂಕಿ ಕಂಪನಿಯ ಗಣಕದಲ್ಲಿ ದಾಖಲಾಗಿರುತ್ತದೆ. ನಮ್ಮ ಹುಡುಗನು ಮರುದಿನ ಅಧಿಕೃತ ಸರ್ವಿಸ್ ಕೇಂದ್ರವೊಂದಕ್ಕೆ ಹೋಗಿ ಬಹಳ ಕೇಳಿಕೊಂಡ ಮೇಲೆ ಅಲ್ಲಿಯವರು ನಂಬರನ್ನು ಒತ್ತಿ ನೋಡಿ ಹೇಳಿದರು: 2021ರಲ್ಲಿಯೇ ಆ ಕಾರು 91,000 ಕಿಲೋಮೀಟರು ಓಡಿತ್ತು. ಸತ್ಯವು ಇಷ್ಟು ಸುಲಭವಾಗಿ ಒಂದು ಗುಂಡಿಯನ್ನೊತ್ತಿದರೆ ಸಿಗುವಲ್ಲಿ ಇದ್ದೂ, ಅದನ್ನು ನೋಡುವುದು ಕೊಳ್ಳುವವನ ಹಕ್ಕಾಗಿರದೆ ಯಾರೋ ಒಬ್ಬರ ದಾಕ್ಷಿಣ್ಯವಾಗಿರುವುದು ನನಗೆ ಸಹಿಸಲಾಗದ ಸಂಗತಿ. ಆರ್‌ಸಿಯ ಜೊತೆಯಲ್ಲಿಯೇ ಈ ಎರಡು ದಾಖಲೆಗಳೂ ಎಲ್ಲರ ಕಣ್ಣಿಗೆ ಬೀಳುವಂತಾದರೆ ಗೋಡನ್ನು ಹುಡುಕುವ ಹೊರೆ ಯಾವ ರೈತನಿಗೂ ಇರುವುದಿಲ್ಲ.

ಟೋಕನ್ ಹಣವನ್ನು ಹಿಂದಕ್ಕೆ ಪಡೆಯುವುದಕ್ಕೆ ಐದು ವಾರ ಹಿಡಿಯಿತು. ಮೊದಲು ಅದು ಹಿಂದಿರುಗಿಸುವ ಹಣವಲ್ಲವೆಂದರು. ಬಳಿಕ ಸಾಹೇಬರು ಊರಲ್ಲಿಲ್ಲವೆಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ ಎಂಟು ಸಾವಿರ ಕೊಟ್ಟು ಎರಡು ಸಾವಿರ ಹಿಡಿದುಕೊಂಡರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಎರಡು ವರ್ಷಗಳೊಳಗೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲದೆ ದೂರು ಕೊಡಬಹುದು. ನಾನು ಅರ್ಜಿಯನ್ನು ಬರೆದಿಟ್ಟೂ ಇದ್ದೆನು. ಆದರೆ ವಾರಕ್ಕೆ ಎರಡು ದಿನ ಆಸ್ಪತ್ರೆಗೆ ಸಂದುಹೋಗುವ ಮನೆಯಲ್ಲಿ ಮೂರನೆಯ ದಿನವನ್ನು ಆಯೋಗಕ್ಕೆ ಕೊಡಲು ಧೈರ್ಯ ಸಾಲಲಿಲ್ಲ.

ನಾವು ಕಡೆಗೆ ಕೊಂಡದ್ದು ನ್ಯಾಮತಿಯ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯರ ಕಾರನ್ನು. ಅವರು ನಮ್ಮನ್ನು ಬೆಳಿಗ್ಗೆ ಆರೂವರೆಗೆ, ಎಂಜಿನ್ನು ತಣ್ಣಗಿರುವಾಗಲೇ ಬರಹೇಳಿದ್ದರು. ಪೆಟ್ರೋಲು ಹಾಕಿಸಿದ ದಿನ, ಲೀಟರು, ಕಿಲೋಮೀಟರುಗಳನ್ನು ಎಂಟು ವರ್ಷಗಳಿಂದ ಬರೆದಿಟ್ಟ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ನಮ್ಮ ಮುಂದಿಟ್ಟು, ನಾವು ಕೇಳುವ ಮೊದಲೇ, "ಎಡಗಡೆ ಹಿಂದಿನ ಬಾಗ್ಲು ಒಂದ್ಸಲ ಎಮ್ಮೆಗೆ ತಗುಲಿ ಟಿಂಕರಿಂಗ್ ಆಗೈತಿ. ಎ.ಸಿ. ಗ್ಯಾಸು ಇಳಿದೈತಿ. ಅದು ನೋಡ್ಕೊಂಡು ರೇಟ್ ಹೇಳ್ರಿ" ಎಂದರು. 4,10,000ಕ್ಕೆ ಮಾತಾಯಿತು. ಮುಂದಿನ ಸೋಮವಾರ ಅವರೇ ದಾವಣಗೆರೆಯ ಆರ್‌ಟಿಒ ಕಛೇರಿಗೆ ಬಂದು, ಫಾರ್ಮುಗಳಿಗೆ ನಮ್ಮೆದುರಿಗೆ ತಾರೀಖು ಹಾಕಿ ಸಹಿ ಮಾಡಿದರು. ವಿಮೆಯನ್ನು 14 ದಿನಗಳೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂಬುದನ್ನು ನೆನಪಿಸಿದವರೂ ಅವರೇ. ತಮ್ಮನು ಈಗ ಹಿಂದಿನ ಸೀಟಿನಲ್ಲಿ ದಿಂಬಿಟ್ಟುಕೊಂಡು ಮಲಗಿ ಬರುತ್ತಾನೆ.

ಬರುವಾಗ ಹೋಗುವಾಗ ಆ ಮಳಿಗೆಯ ಮುಂದೆಯೇ ಹಾಯಬೇಕು. ಬಿಳಿಯ ಕಾರು ಎರಡು ತಿಂಗಳ ಕಾಲ ಮುಂಭಾಗದಲ್ಲಿಯೇ, ಗಾಜಿನ ಮೇಲೆ 4,60,000 ಎಂಬ ಅಂಕಿಯೊಡನೆ ನಿಂತಿತ್ತು. ಕಳೆದ ತಿಂಗಳ ಒಂದು ಶುಕ್ರವಾರ ನೋಡಿದಾಗ ಅದರ ಜಾಗದಲ್ಲಿ ಬೇರೊಂದು ಗಾಡಿಯಿತ್ತು. ಯಾರು ಕೊಂಡರೋ, ಯಾವ ಊರಿನವರೋ. ಮನೆಯ ಮುಂದೆ ನಿಲ್ಲಿಸಿ, ತೆಂಗಿನಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿರುತ್ತಾರೆ. ಅದರ ನಂಬರು ನನ್ನ ಡೈರಿಯಲ್ಲಿದೆ. ನಾಲೆಯ ಏರಿಯ ಮೇಲೆ ಎದುರಿನಿಂದ ಬಿಳಿಯ ಕಾರು ಬಂದಾಗಲೆಲ್ಲ ನಮ್ಮ ಹುಡುಗನು ವೇಗವನ್ನು ತಗ್ಗಿಸುತ್ತಾನೆ, ನಾವಿಬ್ಬರೂ ಅದರ ನಂಬರ್ ಪ್ಲೇಟನ್ನು ಓದುತ್ತೇವೆ.